ಪಾಟ್ಸಿಗಳು ಅಷ್ಟೊಂದು ದುಷ್ಟರೇ?

‘ಅಸಾಸಿನ್ಸ್ ಕ್ರೀಡ್ 2’ ಎಂಬ ವಿಡಿಯೊ ಗೇಮ್ ಆಡಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಪಾಟ್ಸಿ ಮನೆತನದವರು ನಿಜಕ್ಕೂ ಅಷ್ಟು ದುಷ್ಟರಾಗಿದ್ದರೇ? 2009ರ ಆ ಆಟದಲ್ಲಿ ನಾವು ಎಜಿಯೊ ಎಂಬ ಕಲ್ಪಿತ ಯುವಕನಾಗಿ ಇಟಲಿಯ ಫ್ಲಾರೆನ್ಸಿನ ಮಾಳಿಗೆಗಳ ಮೇಲೆ ಓಡುತ್ತೇವೆ. ಊರಿನ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಮೆಡಿಚಿ ಮನೆತನದವರು ನಮ್ಮವರು, ಪಾಟ್ಸಿಗಳು ಹಗೆಗಳು. ಅನುಮಾನಕ್ಕೆ ಎಡೆಯೇ ಇಲ್ಲ.

ನನ್ನ ಉತ್ತರ ಆಟದಲ್ಲಿ ಮುಖವನ್ನೇ ತೋರಿಸದ ಹೆಂಗಸೊಬ್ಬಳಿಂದ ಶುರುವಾಗುತ್ತದೆ. ಬೆಯಾತ್ರಿಚೆ ಬೊರೊಮೆಯಿ ಪಾಟ್ಸಿಗಳ ಸೊಸೆ, ಜೊವಾನ್ನಿಯ ಹೆಂಡತಿ. ತವರಿನಲ್ಲಿ ಭಾರಿ ಶ್ರೀಮಂತಿಕೆ; ಅಪ್ಪನಿಗೆ ಗಂಡುಮಕ್ಕಳಿಲ್ಲ. ಅವನು ತೀರಿಕೊಂಡಾಗ ಆಸ್ತಿ ಮಗಳಿಗೆ ಬರಬೇಕಿತ್ತು. ದಾಯಾದಿ ಕಾರ್ಲೊ ಅಡ್ಡ ಬಂದ, ವ್ಯಾಜ್ಯ ಹೂಡಲಾಯಿತು. ಅಷ್ಟರಲ್ಲಿ, 1477ರಲ್ಲಿ, ಇಂಥ ಸಂದರ್ಭದಲ್ಲಿ ಮಗಳಿಗಿಂತ ಗಂಡು ದಾಯಾದಿಗೇ ಹಕ್ಕು ಎಂಬ ಹೊಸ ಕಾನೂನು ಬಂತು. ಅದರ ಹಿಂದೆ ಮೆಡಿಚಿಗಳ ಯಜಮಾನ ಲೊರೆಂಜೊನ ಕೈಯಿದೆ ಎಂದು ಪಾಟ್ಸಿಗಳು ನಂಬಿದರು. ಅತಿಯಾಸೆಯಿಂದ ಎಲ್ಲವನ್ನೂ ಕಳೆದುಕೊಂಡೇವು ಎಂದು ಲೊರೆಂಜೊನ ತಮ್ಮ ಜೂಲಿಯಾನೊ ಅಣ್ಣನೆದುರು ಕೊರಗಿದನೆಂದು ಫ್ಲಾರೆನ್ಸಿನ ಇತಿಹಾಸ ಬರೆದ ಮೆಕಿಯಾವೆಲಿ ಹೇಳುತ್ತಾನೆ.

ನನಗೆ ಇದಕ್ಕಿಂತ ಸ್ವಾರಸ್ಯ ಅನ್ನಿಸುವುದು ಆ ಮನೆಯ ಒಳಗಿನ ಸಂಬಂಧ. ಬೆಯಾತ್ರಿಚೆಯ ವಾರಗಿತ್ತಿ ಬಿಯಾಂಕಾ ಲೊರೆಂಜೊನ ಒಡಹುಟ್ಟಿದವಳು! ಒಬ್ಬಳ ತವರಿನ ಆಸ್ತಿ ಇನ್ನೊಬ್ಬಳ ತವರಿನವರಿಂದ ಹೋಯಿತು. ಹಬ್ಬಕ್ಕೆ ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಏನು ಮಾತನಾಡಿಕೊಂಡಾರು?

ಮೆಡಿಚಿ ಸೋದರರನ್ನು ಕೊಲ್ಲಲು ಪಾಟ್ಸಿಗಳು ಹೂಡಿದ ಸಂಚಿಗೆ ಇದೊಂದೇ ಕಾರಣವಲ್ಲ. ಪೋಪ್ ನಾಲ್ಕನೇ ಸಿಕ್ಸ್ಟಸ್‌ಗೂ ಮೆಡಿಚಿಗಳಿಗೂ ಕೆಟ್ಟಿತ್ತು, ಬ್ಯಾಂಕ್ ವ್ಯವಹಾರದ ಪೈಪೋಟಿಯೂ ಇತ್ತು. 1478ರ ಏಪ್ರಿಲ್ 26, ಭಾನುವಾರ, ಊರಿನ ಮುಖ್ಯ ಚರ್ಚಿನ ಪೂಜೆಯ ನಡುವೆ ಕಠಾರಿಗಳು ಹೊರಬಂದವು. ಜೂಲಿಯಾನೊನ ಮೈಮೇಲೆ 19 ಇರಿತಗಳು. ಫ್ರಾಂಚೆಸ್ಕೊ ಪಾಟ್ಸಿ ಎಂಥ ಆವೇಶದಲ್ಲಿ ಇರಿದನೆಂದರೆ ತನ್ನ ಕಾಲನ್ನೇ ತಿವಿದುಕೊಂಡ. ಕುತ್ತಿಗೆಗೆ ಗಾಯವಾದರೂ ಲೊರೆಂಜೊ ಬದುಕಿದ. ಫ್ರಾಂಚೆಸ್ಕೊನನ್ನು ಅಂದೇ ಅರಮನೆಯ ಕಿಟಕಿಯಿಂದ ನೇತುಹಾಕಿದರು. ಇದನ್ನೆಲ್ಲ ಆಟ ತನ್ನದೇ ರೀತಿಯಲ್ಲಿ ತೋರಿಸುತ್ತದೆ. ಆಸ್ತಿ ವ್ಯಾಜ್ಯದ ಕಡತ ಹಿಡಿದು ಮಾಳಿಗೆಯಿಂದ ಮಾಳಿಗೆಗೆ ಹಾರಲಾಗದು ಬಿಡಿ, ಆಟ ಕಟ್ಟಿದವರನ್ನು ನಾನು ದೂರುವುದಿಲ್ಲ.

ಹಾಗಾದರೆ ದುಷ್ಟರೇ? ದೇವರ ಮುಂದೆ ಕೊಲೆಗೆ ಕೈಯೆತ್ತಿದವರನ್ನು ಇನ್ನೇನೆನ್ನಲಿ. ಆದರೆ ಅವರ ಸಿಟ್ಟಿಗೆ ಬುಡವೇ ಇರಲಿಲ್ಲ ಎಂದರೆ ಒಪ್ಪಲಾರೆ.

ಬಿಯಾಂಕಾಳ ದೆಸೆಯಿಂದ ಅವಳ ಗಂಡ ಗುಲ್ಯೆಲ್ಮೊ ಪ್ರಾಣ ಉಳಿಸಿಕೊಂಡ, ಗಡೀಪಾರಾದ. ಉಳಿದ ಪಾಟ್ಸಿಗಳ ಹೆಸರನ್ನೇ ಊರಿನಿಂದ ಅಳಿಸಲು ಹೊರಟರು. ಗೋಡೆಗಳ ಮೇಲಿದ್ದ ಅವರ ಡಾಲ್ಫಿನ್ ಲಾಂಛನವನ್ನು ಕಿತ್ತರು. ಜತೆಗೆ ಇನ್ನೊಂದು ಕಟ್ಟಳೆ: ಪಾಟ್ಸಿಗಳ ಮನೆಯ ಹೆಣ್ಣನ್ನು ಮದುವೆಯಾದವನಿಗೆ ಸರ್ಕಾರಿ ಹುದ್ದೆ ಇಲ್ಲ. ಸೊಸೆಯ ಆಸ್ತಿಯನ್ನು ಒಂದು ಕಾನೂನು ಕಸಿದಿತ್ತು. ಮರುವರ್ಷ ಇನ್ನೊಂದು ಬಂದು ಆ ಮನೆಯ ಹೆಣ್ಣುಮಕ್ಕಳಿಗೆ ವರನೂ ಸಿಗದಂತೆ ಮಾಡಿತು.