ಬೂದಿಯ ಕೂಗು

ಇಲಿ, ಅಳಿಲುಗಳ ಬಳಗದ ಪುಟ್ಟ ಪ್ರಾಣಿ ಚಿಂಚಿಲ್ಲಾ ನಮ್ಮ ಮನೆಗೆ ಬಂದ ಮೂರನೆಯ ರಾತ್ರಿ, ಎರಡು ಗಂಟೆಯ ಹೊತ್ತಿಗೆ, ಪಂಜರದ ಕಡೆಯಿಂದ ಮರಿನಾಯಿಯ ಬೊಗಳನ್ನೂ ಒಣಕೆಮ್ಮನ್ನೂ ಹೋಲುವ ಸದ್ದು ಒಂದರ ಹಿಂದೊಂದು ಕೇಳಿಬಂತು. ನಾನು ಓಡಿಹೋಗಿ ದೀಪ ಹಾಕಿದೆ. ಮೇಲಿನ ಹಲಗೆಯ ಮೇಲೆ ಕಿವಿ ನಿಮಿರಿಸಿ ಅಲುಗಾಡದೆ ಕೂತಿದ್ದ ಆ ಪುಟ್ಟ ಜೀವ ಬೆಳಕು ಬಿದ್ದೊಡನೆ ತನ್ನ ಮರದ ಗೂಡಿಗೆ ನುಗ್ಗಿತು. ಬೆಳಗಾಗುವವರೆಗೂ ಹೊರಗೆ ತಲೆ ಹಾಕಲಿಲ್ಲ.

ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ. ಊರು ಬಿಡುತ್ತಿದ್ದ ಕುಟುಂಬವೊಂದರಿಂದ ತಂದ ಈ ಹೆಣ್ಣು ಚಿಂಚಿಲ್ಲಾಕ್ಕೆ ಮೈಬಣ್ಣ ನೋಡಿ ನನ್ನ ಮಗಳು ಬೂದಿ ಎಂದು ಹೆಸರಿಟ್ಟಳು. ಬೂದಿಗೆ ನೋವಾಗಿದೆಯೋ ಹಸಿವೋ ಎಂದು ಎರಡು ದಿನ ಕಂಗಾಲಾಗಿದ್ದ ನಾನು ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಆ ಕೂಗಿನ ರೆಕಾರ್ಡಿಂಗ್ ಕೇಳಿಸಿದೆ. ಅಮ್ಮ ತಡಮಾಡದೆ ಹೇಳಿದರು: "ಅದು ನಿಂಗೇನೂ ಹೇಳ್ತಿಲ್ಲ ಮಾರಾಯ, ತನ್ನ ಕಡೆಯವ್ರಿಗೆ ಹೇಳ್ತಿದೆ. ತೋಟಕ್ಕೆ ನಾಯಿ ಬಂದ್ರೆ ಮುಸಿಯ ಮಂಗ ಮರದ ಮೇಲಿಂದ ಕೂಗಲ್ವಾ, ಹಂಗೆ."

ಚಿಂಚಿಲ್ಲಾವನ್ನು ಎಂದೂ ಕಾಣದ ಅಮ್ಮನ ಮಾತು ನಿಜವಾಗಿತ್ತು. ಚಿಲಿ ದೇಶದ ಆಂಡೀಸ್ ಬೆಟ್ಟಗಳಲ್ಲಿ ಬಂಡೆಗಳ ಸಂದಿನಲ್ಲಿ ಗುಂಪಾಗಿ ಬಾಳುವ ಈ ಪ್ರಾಣಿ, ಗೂಬೆಯೋ ನರಿಯೋ ಸುಳಿದಾಗ ಉಳಿದವು ಅಡಗಿಕೊಳ್ಳಲೆಂದು ಹೀಗೆ ಕೂಗುತ್ತದೆ. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ ತುಪ್ಪಳದ ವ್ಯಾಪಾರಕ್ಕಾಗಿ ಬೆರಳೆಣಿಕೆಯಷ್ಟು ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ತಂದಿದ್ದ. ಇಂದು ಇಲ್ಲಿನ ಮನೆಗಳಲ್ಲಿರುವವುಗಳಲ್ಲಿ ಹೆಚ್ಚಿನವು ಅವುಗಳದೇ ಸಂತತಿ. ಇಷ್ಟು ತಲೆಮಾರು ಪಂಜರದಲ್ಲಿ ಕಳೆದರೂ ಕಾವಲಿನ ಆ ಕೂಗು ಮರೆತಿಲ್ಲವೆಂಬುದು ನನ್ನ ಮನಸ್ಸನ್ನು ಬಹಳ ಕಲಕಿತು.

ಅಂದಿನಿಂದ ಬೂದಿ ಯಾವ ಹೊತ್ತಿಗೆ ಎಂಥ ಸದ್ದು ಮಾಡಿದಳು, ಅದಕ್ಕೆ ಮೊದಲು ಮನೆಯಲ್ಲಿ ಏನಾಗಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದೆ. ರಾತ್ರಿಯ ಕೂಗಿಗೆ ಕಾರಣ ಬೀದಿಯ ಹಿಮ ತೆಗೆಯುವ ಲಾರಿ; ಸಂಜೆಯ ಕೂಗಿಗೆ ನಮ್ಮ ಕುಕ್ಕರಿನ ಸೀಟಿ. ಚಿಂಚಿಲ್ಲಾ ಕೇಳಬಲ್ಲ ಧ್ವನಿಗಳ ವ್ಯಾಪ್ತಿ ಮನುಷ್ಯನದಕ್ಕೆ ಹತ್ತಿರವಾದ್ದರಿಂದ ಶ್ರವಣದ ಸಂಶೋಧನೆಗಳಲ್ಲಿ ಅದನ್ನು ಬಳಸುತ್ತ ಬಂದಿದ್ದಾರೆಂದು ಓದಿದ ಮೇಲೆ, ನಮ್ಮ ಮನೆಯ ಗದ್ದಲವೆಲ್ಲ ಆ ದೊಡ್ಡ ಕಿವಿಗಳಿಗೆ ಬೀಳುತ್ತಿದೆಯೆಂಬ ಎಚ್ಚರ ಮೂಡಿತು.

ಬೇರೆ ಸದ್ದುಗಳೂ ಇವೆ. ನಾನು ಒಣಹುಲ್ಲು ಹಾಕಲು ಹೋದಾಗ ಗಂಟಲಿನಲ್ಲೇ ಮೆಲ್ಲಗೆ ಗುಟುರುವುದು ಪರಿಚಯದ, ನೆಮ್ಮದಿಯ ದನಿ. ಗೂಡಿನೊಳಗೆ ಕೈಯಿಟ್ಟರೆ ಹೊರಡುವ ಗಡುಸಾದ 'ಕ್ಯಾಕ್ ಕ್ಯಾಕ್' ಬೇರೆಯೇ. ಅದನ್ನು ಕಡೆಗಣಿಸಿದ ದಿನ ಬೂದಿ ಹಿಂಗಾಲಿನ ಮೇಲೆ ಎದ್ದು ನಿಂತು ನನ್ನತ್ತ ಮೂತ್ರ ಚಿಮ್ಮಿಸಿದಳು. ಹೆಣ್ಣು ಚಿಂಚಿಲ್ಲಾಗಳು ತಮ್ಮನ್ನು ಕಾಪಾಡಿಕೊಳ್ಳುವ ರೀತಿ ಅದು.

ಸದ್ದೇ ಇಲ್ಲದ ಮಾತುಗಳನ್ನು ತಿಳಿಯಲು ಹೆಚ್ಚು ಕಾಲ ಹಿಡಿಯಿತು. ಒಮ್ಮೆ ಮಗಳು ಮುದ್ದಿನಿಂದ ಬಿಗಿಯಾಗಿ ಹಿಡಿದಾಗ ಒಂದು ಹಿಡಿ ತುಪ್ಪಳ ಅವಳ ಕೈಯಲ್ಲೇ ಉಳಿಯಿತು. ಬೇಟೆಗಾರ ಪ್ರಾಣಿಯ ಬಾಯಿಂದ ಪಾರಾಗಲು ರೋಮವನ್ನು ಕಳಚಿಬಿಡುವ ಗುಣ ಅದೆಂದು ಪಶುವೈದ್ಯರು ವಿವರಿಸುವವರೆಗೆ ಮಗಳ ಅಳು ನಿಲ್ಲಲಿಲ್ಲ. ಇನ್ನೊಂದು ಗುರುತು ಕಿವಿಯದು. ಅಷ್ಟು ದಟ್ಟ ರೋಮವಿರುವ, ಬೆವರದ ಈ ಜೀವಿಗೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಸೆಕೆ ಅಪಾಯಕಾರಿ. ಕಿವಿ ಕೆಂಪೇರಿ, ಮೈಚಾಚಿ ಮಲಗಿ ಬೇಗ ಬೇಗ ಉಸಿರಾಡುತ್ತಿದ್ದರೆ ಒಡನೆ ತಂಪು ಮಾಡಬೇಕು. ಆದ್ದರಿಂದ ಇಲ್ಲಿನ ಬೇಸಿಗೆಯಲ್ಲೂ ಆ ಕೋಣೆಯ ಏ.ಸಿ. ಆರಿಸುವುದಿಲ್ಲ. ನುಣುಪು ಧೂಳಿನ ಬಟ್ಟಲಿಟ್ಟಾಗ ಬೂದಿ ಉರುಳಾಡಿ ಸ್ನಾನ ಮುಗಿಸಿ, ಗೋಡೆಗೆ ಕಾಲೊತ್ತಿ ಚಿಮ್ಮಿ ಕುಣಿಯುವುದಕ್ಕೆ ಮಾತ್ರ ಯಾರ ವಿವರಣೆಯೂ ಬೇಕಾಗಲಿಲ್ಲ.

ನಿನ್ನೆ ರಾತ್ರಿ ಮತ್ತೆ ಹಿಮ ಬಿತ್ತು. ಲಾರಿ ಬಂತು, ಬೂದಿ ಕೂಗಿದಳು. ನಾನು ದೀಪ ಹಾಕದೆ, ಹಾಸಿಗೆಯಿಂದಲೇ ಮೆಲುದನಿಯಲ್ಲಿ "ಇಲ್ಲೇ ಇದ್ದೀನಿ ಬೂದಿ" ಎಂದೆ. ಇನ್ನೂ ಎರಡು ಸಲ ಕೂಗಿದಳು. ಸ್ವಲ್ಪ ಹೊತ್ತಿನ ಮೇಲೆ ಕತ್ತಲಲ್ಲಿ ಒಣಹುಲ್ಲು ಕಡಿಯುವ ಸದ್ದು ಶುರುವಾಯಿತು.