ಮುಂಬೈ–ಪುಣೆಯಿಂದ ಗುಲ್ಮಾರ್ಗ್ ಸ್ಕೀಯಿಂಗ್: ಟಿಕೆಟ್ ತೆಗೆಯುವ ಮುನ್ನ ಹಿಮಕುಸಿತದ ಲೆಕ್ಕ

ಮುಂಬೈ, ಪುಣೆಯಿಂದ ಗುಲ್ಮಾರ್ಗ್‌ಗೆ ಹೊರಡುವವರು ನಾಲ್ಕೈದು ದಿನ ರಜೆ ಹಾಕುತ್ತಾರೆ. ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ ಹತ್ತಿ, ಅಫರ್ವಾಟ್ ಬೆಟ್ಟದಲ್ಲಿ ಕಾವಲಿರುವ ಸ್ಕೀ ಪ್ರದೇಶದ ಗಡಿಯಾಚೆ ಸ್ಕೀ ಮಾಡುವವರಿಗೆ ಅದು ಸಾಲದು. ಏಳೆಂಟು ದಿನ ಬೇಕು. ಜೋರು ಹಿಮ ಬಿದ್ದ ನಂತರದ 24ರಿಂದ 48 ಗಂಟೆ ಹಿಮಕುಸಿತದ ಅಪಾಯ ಹೆಚ್ಚು. ವಾಪಸ್ ಟಿಕೆಟ್ ನಾಳೆಗಿದ್ದರೆ ಅದೇ ಹೊತ್ತಿನಲ್ಲಿ ಇಳಿಯುವ ಮನಸ್ಸಾಗುತ್ತದೆ. 2023ರ ಫೆಬ್ರವರಿ 1ರಂದು ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು.

ಚಳಿಗಾಲದ ಶುರುವಿನಲ್ಲಿ ಹಿಮ ತೆಳುವಾಗಿದ್ದು ಆಕಾಶ ತಿಳಿಯಾಗಿದ್ದರೆ, ಅಡಿಯ ಹಿಮ ಸಕ್ಕರೆಯಂತೆ ಬಿಡಿಬಿಡಿ ಹರಳಾಗುತ್ತದೆ. ಅದರ ಮೇಲೆ ಹೊಸ ಹಿಮ ಹಲಗೆಯಾಗಿ ಕೂತರೆ ಒಬ್ಬರ ಭಾರಕ್ಕೇ ಅದು ಬಿರಿದು ಜಾರಬಹುದು. ಬಿಸಿಲಿದ್ದರೂ ಗಾಳಿ ಶಿಖರದ ಒಂದು ಮಗ್ಗುಲಿನ ಹಿಮವನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ಆ ಮಗ್ಗುಲನ್ನು ಬಿಡಿ. ಕಾಲಡಿ 'ಧುಂ' ಎಂದು ಹಿಮ ಕುಸಿದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಬಂದ ದಾರಿಯಲ್ಲೇ ಹಿಂತಿರುಗಿ.

ಹಲಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಮಾಟುಂಗಾದ ಹಳೇ ಕಟ್ಟಡವಿರಲಿ, ಕೋಥ್ರೂಡಿನ ಸೊಸೈಟಿಯಿರಲಿ, ಮೆಟ್ಟಿಲ ರೇಲಿಂಗ್ ಮೇಲೆ ಫೋನಿನ ಕೋನಮಾಪಕ ಇಟ್ಟು ನೋಡಿ: 30ರ ಆಸುಪಾಸು ಬರುತ್ತದೆ. ಅದು ಕಣ್ಣಿಗೆ ಕೂತಿರಲಿ. ಬೆಟ್ಟದ ಮೇಲೆ ಸ್ಕೀ ಕೋಲನ್ನು ಹಿಮದ ಮೇಲೆ ಮಲಗಿಸಿ ಹೀಗೇ ಅಳೆಯಿರಿ. ನೀವು ನಿಂತ ಜಾಗ 25 ಇದ್ದರೂ ಮೇಲಿನ ಇಳಿಜಾರು 38 ಇದ್ದರೆ ಅಪಾಯ ಅಪಾಯವೇ.

ಪ್ರತಿಯೊಬ್ಬರಿಗೂ ಟ್ರಾನ್ಸೀವರ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), 240 ಸೆಂಮೀಗೆ ಕಡಿಮೆಯಿಲ್ಲದ ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಮಡಚುವ ಕೋಲು), ಲೋಹದ ಸಲಿಕೆ ಬೇಕೇ ಬೇಕು. ಹೂತವರನ್ನು ಹತ್ತು–ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಸರ್ರನೆ ಇಳಿಯುತ್ತದೆ. ಅಂದರೆ ಕಾಪಾಡಬೇಕಾದವರು ಪಕ್ಕದಲ್ಲಿರುವ ಗೆಳೆಯರೇ. ಟ್ರಾನ್ಸೀವರ್‌ಗೆ ಹೊಸ ಆಲ್ಕಲೈನ್ ಸೆಲ್ ಹಾಕಿ, ಮೈಗೇ ಕಟ್ಟಿಕೊಳ್ಳಿ, ಬ್ಯಾಗಿಗೆ ಹಾಕಬೇಡಿ. ಫೋನ್ ಅದರಿಂದ 20 ಸೆಂಮೀ ದೂರ, ಹುಡುಕುವಾಗ 50 ಸೆಂಮೀ. ಹೊರಡುವ ಮುನ್ನ ಜುಹೂ ಮರಳಲ್ಲಿ ಒಂದನ್ನು ಡಬ್ಬಿಯಲ್ಲಿಟ್ಟು ಹೂತು ಹುಡುಕಿ. ಪರದೆಯಲ್ಲಿ ದೂರ ತೋರಿಸುವ ಸಂಖ್ಯೆ ಅತಿ ಕಡಿಮೆ ಬರುವ ಬಿಂದು ಬೇಗ ಸಿಗುವವರೆಗೂ ಬಿಡಬೇಡಿ. ಅಲ್ಲಿಂದ 25 ಸೆಂಮೀ ಅಂತರದಲ್ಲಿ ಸುರುಳಿಯಾಗಿ ಪ್ರೋಬ್ ಚುಚ್ಚಬೇಕು. ತಗುಲಿದ ಪ್ರೋಬನ್ನು ಕೀಳದೆ, ಇಳಿಜಾರಿನ ಕೆಳಗಡೆಯಿಂದ ಅಗೆಯಬೇಕು.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಸಮುದ್ರಮಟ್ಟದಿಂದ ಹೋದವರು ಮೊದಲ ದಿನವೇ ಗೊಂಡೋಲಾದ ತುದಿಗೆ, ಸುಮಾರು 3,950 ಮೀಟರ್‌ಗೆ ಏರಬೇಡಿ. ಸ್ಕೀ ಪಟ್ರೋಲ್ (ಇಳಿಜಾರು ಕಾಯುವ ಸುರಕ್ಷಾ ತಂಡ) ನಿಗಾ ಇಡುವುದು ಮುಖ್ಯವಾಗಿ ಗೊಂಡೋಲಾದ ಕೆಳಗಿನ ಬಟ್ಟಲಿನ ಮೇಲೆ. ಬೆಳಿಗ್ಗೆ ಅವರನ್ನು ಕೇಳಿಯೇ ಹೊರಡಿ; ಗಡಿಯಾಚೆ ಸ್ಥಳೀಯ ಗೈಡ್ ಇಲ್ಲದೆ ಬೇಡ. ಅಲ್ಲಿ ಒಬ್ಬೊಬ್ಬರಾಗಿ ಇಳಿಯಿರಿ, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣಿಟ್ಟಿರಲಿ.

ಎರಡನೇ ಹಂತ ಮುಚ್ಚಿದ ದಿನ ಗುಲ್ಮಾರ್ಗ್‌ನ ಕೆಳಗಿನ ಬಾಬಾರೇಶಿ ಕಡೆಯ ಕಾಡು ಒಳ್ಳೆಯದು. ಆದರೆ ಮರದ ಬುಡದ ಸುತ್ತ ಪೊಳ್ಳು ಹಿಮದ ಗುಂಡಿಗಳಿರುತ್ತವೆ, ತಲೆಕೆಳಗಾಗಿ ಬಿದ್ದವರು ತಾವಾಗಿ ಏಳುವುದು ಕಷ್ಟ. ಅಲ್ಲಿ ಜೋಡಿಯಾಗಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇಳಿಯಿರಿ.