ಗಾಜಿನ ಮೂಲೆಯ ನಕಲಿ ಸ್ಟಿಕರ್

ಹಳೆಯ ಕಾರುಗಳನ್ನು ಕೊಳ್ಳುವ ಯಾರ್ಡಿನಲ್ಲಿ ಪರಿಶೀಲನೆ ನನ್ನ ಕೆಲಸ. ತಿಂಗಳ ಕೊನೆ, ಟಾರ್ಗೆಟ್ ಬಾಕಿ, ಎದುರಿಗೊಂದು 2020ರ ಬಿಳಿ ಡೀಸೆಲ್ ಕಾರು. ಪಿಲ್ಲರ್‌ಗಳಿಗೆ ಪೆಟ್ಟಿಲ್ಲ, ಎಂಜಿನ್ ಸದ್ದು ಸರಿ. ಟೋಕನ್ ಕಳಿಸಲು ಮ್ಯಾನೇಜರ್ ಆಗಲೇ ಮೊಬೈಲ್ ಕೈಗೆತ್ತಿಕೊಂಡಿದ್ದರು.

ಮುಂದಿನ ಗಾಜಿನ ಒಳಬದಿಯ ಎಡಮೂಲೆಯಲ್ಲಿ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಜೊತೆ ಬರುವ ಸ್ಟಿಕರ್ ಇತ್ತು, ಬಣ್ಣವೂ ಕಿತ್ತಳೆಯೇ. ಡೀಸೆಲ್‌ಗೆ ಕಿತ್ತಳೆ, ಪೆಟ್ರೋಲ್‌ಗೆ ತಿಳಿನೀಲಿ. ನಮ್ಮ ಆ್ಯಪ್ ಕೇಳುವುದು ‘ಇದೆ’ ಅಥವಾ ‘ಇಲ್ಲ’, ಅಷ್ಟೇ. ಆದರೆ ಪ್ಲೇಟುಗಳ ಮೇಲೆ ಲೇಸರ್‌ನಿಂದ ಕೊರೆದಿರುವ ಸಂಖ್ಯೆಗಳನ್ನು ಸ್ಟಿಕರ್‌ನಲ್ಲೂ ಬರೆದಿರುತ್ತಾರೆ; ಇದರಲ್ಲಿ ಮುಂದಿನ ಪ್ಲೇಟಿಗೂ ಹಿಂದಿನ ಪ್ಲೇಟಿಗೂ ಒಂದೇ ಸಂಖ್ಯೆ ಬರೆದಿತ್ತು. ಎರಡೂ ಬೇರೆ ಇರಬೇಕು. ಅಂಚಿಗೆ ಉಗುರು ತಾಗಿಸಿದೆ. ಅಸಲಿಯಾಗಿದ್ದರೆ ಚೂರುಚೂರಾಗಬೇಕಿತ್ತು, ಇದು ನೋಟ್‌ಬುಕ್ಕಿನ ಲೇಬಲ್‌ನಂತೆ ಇಡಿಯಾಗಿ ಕೈಗೆ ಬಂತು. ಹಾಲೊಗ್ರಾಂ ಜಾಗದಲ್ಲಿ ಬೆಳ್ಳಿ ಬಣ್ಣದ ಮುದ್ರಣ, ಎಷ್ಟು ಓರೆ ಮಾಡಿದರೂ ಮಿನುಗಲಿಲ್ಲ.

ಕದ್ದ ಗಾಡಿ ಎಂದು ಅಲ್ಲಿಯೇ ತೀರ್ಪು ಕೊಟ್ಟುಬಿಟ್ಟೆ. ಮಾರಲು ಬಂದಿದ್ದ ಹಿರಿಯರು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಅವರ ನೆಮ್ಮದಿಯೇ ಪಳಗಿದ ಕಳ್ಳನ ಲಕ್ಷಣವಾಗಿ ಕಂಡಿತು. ಗೇಟ್ ಹಾಕುವಂತೆ ಕಾವಲುಗಾರನಿಗೆ ಸನ್ನೆ ಮಾಡಿದೆ. ಚಾಸಿ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜುವಾಗ ಕೈ ನಡುಗುತ್ತಿತ್ತು. ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಎಲ್ಲವೂ ಸರಿಯಾಗಿತ್ತು. ಎಂಜಿನ್ ನಂಬರೂ ಸರಿ.

“ಹೆದ್ದಾರಿಯಲ್ಲಿ ಕಲ್ಲು ಸಿಡಿದು ಗಾಜು ಒಡೆಯಿತಪ್ಪ. ಗಾಜಿನ ಅಂಗಡಿಯವನೇ ಮುನ್ನೂರು ರೂಪಾಯಿಗೆ ಇದನ್ನೂ ಅಂಟಿಸಿಕೊಟ್ಟ. ಯಾಕೆ, ಸರಿಯಿಲ್ಲವೇ?”

ಕಿತ್ತರೆ ಹಾಳಾಗಲಿ ಎಂದೇ ಈ ಸ್ಟಿಕರ್ ಮಾಡಿರುವುದು, ಕಳ್ಳರು ಎತ್ತಿಕೊಂಡು ಬೇರೆ ಗಾಡಿಗೆ ಅಂಟಿಸದಿರಲಿ ಎಂದು. ಹಾಗಾಗಿ ಗಾಜು ಹೋದರೆ ಅದೂ ಹೋಯಿತು. ಹೊಸದಕ್ಕೆ ಆನ್‌ಲೈನ್ ಬುಕಿಂಗ್, ಒಟಿಪಿ, ಕಾಯುವುದು. ಅಂಗಡಿಯವನ ಪ್ರಿಂಟರ್‌ಗೆ ಹತ್ತು ನಿಮಿಷ. ಮರ್ಯಾದಸ್ಥರ ಕಾರುಗಳಲ್ಲೇ ನಕಲಿ ತುಂಬಿಕೊಂಡ ಮೇಲೆ ಕದ್ದ ಕಾರಿನ ನಕಲಿ ಅವುಗಳ ನಡುವೆ ಸುಖವಾಗಿ ಓಡಾಡುತ್ತದೆ. ಬಣ್ಣ ನೋಡಿ ‘ಇದೆ’ ಒತ್ತುವ ನಮ್ಮಂಥವರು ಅದಕ್ಕೆ ದಾರಿ ಬಿಡುತ್ತೇವೆ. ಈಗ ನಾನು ಎರಡು ಪ್ಲೇಟು, ಒಂದು ಸ್ಟಿಕರ್, ಮೂರೂ ಕಡೆಯ ಸಂಖ್ಯೆ ಓದುತ್ತೇನೆ. ಕಾರಿಗೆ ಎರಡು ನಿಮಿಷ ಹೆಚ್ಚು ಹಿಡಿಯುತ್ತದೆಂದು ಮ್ಯಾನೇಜರ್ ಗೊಣಗುತ್ತಾರೆ.

ಅಂದು “ಚಾಸಿ ಸರಿಯಿದೆಯಲ್ಲ, ಮುಗಿಸಿ” ಎಂದರು. ‘ನಕಲಿ’ ಎಂದು ನಮೂದಿಸಲು ಆ್ಯಪ್‌ನಲ್ಲಿ ಜಾಗವೇ ಇಲ್ಲ. ‘ಇಲ್ಲ’ ಒತ್ತಿದೆ, ತಕ್ಷಣ ಬೆಲೆ ಇಳಿಯಿತು. ಹಿರಿಯರು ನನ್ನ ಕೈಯಲ್ಲಿದ್ದ ಸ್ಟಿಕರ್ ತೋರಿಸಿ ಜಗಳಕ್ಕೆ ನಿಂತರು: “ನೀವೇ ಕಿತ್ತು, ನೀವೇ ಇಲ್ಲವೆಂದು ಬರೆದರೆ ಹೇಗೆ?”